ಬೇಲಿಯಾಚೆಯ ಕೂಸು

ಸಹಾಯಮ್ಮನ ಮೊದಲ ಕೂಸು ಹುಟ್ಟಿದಾಗ ಅಳಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದಳು, ಕಾಲು ಹಿಡಿದು ತಲೆಕೆಳಗಾಗಿ ಎತ್ತಿದಳು, ಬಾಯಿಗೆ ಬಾಯಿಟ್ಟು ಊದಿದಳು. ಕೊನೆಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬಾಗಿಲ ಹೊರಗೆ ನಿಂತಿದ್ದ ಚೌರಪ್ಪನ ಕೈಗೆ ಕೊಟ್ಟು, "ಗಂಡು ಕೂಸು ಕಣಪ್ಪ" ಎಂದಷ್ಟೇ ಹೇಳಿ ಒಳಗೆ ಹೋದಳು.

ಅದು ತೊಂಬತ್ತೊಂದನೇ ಇಸವಿ. ಟಿ. ನರಸೀಪುರದಿಂದ ಮೂಗೂರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಅವರ ಪಾಳ್ಯ. ಕೆಲವೇ ಕೆಲವು ಮನೆಗಳು, ಎಲ್ಲ ಕ್ರೈಸ್ತರವೇ. ನಡುವೆ ಸುಣ್ಣ ಬಳಿದ ಪುಟ್ಟ ಗುಡಿ. ಗುಡಿಯ ಹಿಂದೆ ಮುಳ್ಳುತಂತಿ ಬೇಲಿ ಹಾಕಿದ ಸ್ಮಶಾನ. ಬೇಲಿಯ ಆಚೆಗೆ ಪಕ್ಕದ ಊರಿನ ಮಾದಪ್ಪನ ಹೊಲ. ಪಾದ್ರಿಗಳಾದ ಸ್ವಾಮಿಗಳು ಆಗ ತಿಂಗಳಿಗೊಂದು ಸಲ ದೂರದಿಂದ ಬಂದು ಪೂಜೆ ಕೊಟ್ಟು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಜಪಕ್ಕೂ ಸಾವಿಗೂ ಉಪದೇಶಿ ಇನ್ನಾಸಪ್ಪನದೇ ಮಾತು. ಅವನು ಚೌರಪ್ಪನಿಗೆ ದೂರದ ಸಂಬಂಧದಲ್ಲಿ ಮಾವನಾಗಬೇಕು.

ಚೌರಪ್ಪ ಕೂಸನ್ನು ಎದೆಗವಚಿಕೊಂಡು ಸ್ಮಶಾನದ ಗೇಟಿನ ಹತ್ತಿರ ಹೋದಾಗ ಇನ್ನಾಸಪ್ಪ ಅಡ್ಡ ನಿಂತ.

"ಜ್ಞಾನಸ್ನಾನ ಆಗ್ದೆ ಓಗಿರೋ ಕೂಸು. ಇದು ಮಂತ್ರಿಸಿರೋ ನೆಲ. ಒಳಿಕ್ಕೆ ಬರಂಗಿಲ್ಲ ಕಣಪ್ಪ."

"ಉಸ್ರೇ ಆಡ್ಲಿಲ್ವಲ್ಲ ಮಾವ, ತಲೆಗೆ ನೀರು ಹುಯ್ಸಿ ಜ್ಞಾನಸ್ನಾನ ಯಾವಾಗ ಮಾಡ್ಸದು?"

ಇನ್ನಾಸಪ್ಪನ ಕಣ್ಣಲ್ಲೂ ನೀರಿತ್ತು. ಆದರೆ ಗೇಟು ತೆಗೆಯಲಿಲ್ಲ. ಚೌರಪ್ಪ ಬೇಲಿಯನ್ನು ಸುತ್ತಿಕೊಂಡು ಹೋಗಿ, ಮಾದಪ್ಪನ ಹೊಲದ ಅಂಚಿನಲ್ಲಿ ತಾನೇ ಗುಂಡಿ ತೋಡಿದ. ಅವನು ಗಾರೆ ಕೆಲಸದವನು, ಎಷ್ಟೋ ಮನೆಗಳಿಗೆ ಪಾಯ ತೆಗೆದವನು. ಅಂದು ಆ ಒಂದು ಗೇಣಗಲದ ಗುಂಡಿ ತೋಡಲು ಅವನಿಗೆ ಬಹಳ ಹೊತ್ತು ಹಿಡಿಯಿತಂತೆ. ಸಹಾಯಮ್ಮ ಬಾಣಂತಿ, ಅವಳು ಹೋಗಲಿಲ್ಲ. ಕೂಸಿನ ಮುಖವನ್ನು ಅವಳು ಸರಿಯಾಗಿ ನೋಡಿದ್ದೂ ಇಲ್ಲ.

ಅಂದಿನಿಂದ ಚೌರಪ್ಪ ಗುಡಿಯ ಹೊಸ್ತಿಲು ದಾಟಲಿಲ್ಲ. ಜಗಳವಾಡಲಿಲ್ಲ, ಯಾರಿಗೂ ಬೈಯಲಿಲ್ಲ. ಎರಡು ವರ್ಷದ ಮೇಲೆ ಸ್ಟೆಲ್ಲಾ ಹುಟ್ಟಿದಳು, ಅವಳಾದ ಮೇಲೆ ರಾಯಪ್ಪ. ಇಬ್ಬರಿಗೂ ಹುಟ್ಟಿದ ವಾರದಲ್ಲೇ ಜ್ಞಾನಸ್ನಾನವಾಯಿತು; ಸಹಾಯಮ್ಮ ಒಂದು ದಿನವೂ ತಡ ಮಾಡಗೊಡಲಿಲ್ಲ. ಅಪ್ಪನಾದವನು ಹೊರಗೆ ಹುಣಸೆಮರದ ಕೆಳಗೆ ಬೀಡಿ ಸೇದುತ್ತ ಕುಳಿತಿದ್ದ. ಕೆಲಸವನ್ನೂ ದೂರ ಮಾಡಿಕೊಂಡ. ನಂಜನಗೂಡಿನಲ್ಲಿ ಕಟ್ಟಡದ ಕೆಲಸಕ್ಕೆ ಬರವಿರಲಿಲ್ಲ. ಸೋಮವಾರ ಬಸ್ಸು ಹತ್ತಿದರೆ ಶನಿವಾರ ಸಂಜೆಗೆ ಬರುತ್ತಿದ್ದ. ಯೇಸು ಸತ್ತು ಮತ್ತೆ ಎದ್ದ ಪಾಸ್ಕ ಹಬ್ಬದ ವಾರ ಮಾತ್ರ ಬರುತ್ತಲೇ ಇರಲಿಲ್ಲ. "ಮೋಲ್ಡ್ ಹಾಕೋದದೆ," ಎನ್ನುತ್ತಿದ್ದ. ಪ್ರತಿ ವರ್ಷ ಅದೇ ವಾರ ಯಾರದೋ ಮನೆಯ ತಾರಸಿಗೆ ಮೋಲ್ಡ್ ಹಾಕುವುದಿರುತ್ತಿತ್ತು.

ಸಹಾಯಮ್ಮ ಒಬ್ಬಳೇ ಮಕ್ಕಳಿಗೆ ಹಬ್ಬ ಮಾಡಿಸುತ್ತಿದ್ದಳು. ತನ್ನ ತಾಯಿ ಮಾಡಿಸಿದಂತೆ, ಅದಕ್ಕಿಂತ ಒಂದು ಕೈ ಹೆಚ್ಚಾಗಿ. ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಇಟ್ಟುಕೊಂಡು ಬಂದ ದಿನವೇ ಒಲೆಯ ಪಕ್ಕದಲ್ಲಿ ಒಂದು ಖಾಲಿ ಡಬ್ಬಿ ಇಡುವಳು. ಅಕ್ಕಿ ತೊಳೆಯುವ ಮೊದಲು ಮಕ್ಕಳು ತಮ್ಮ ಪಾಲಿನಿಂದ ಒಂದೊಂದು ಹಿಡಿ ಅದಕ್ಕೆ ಹಾಕಬೇಕು. ಹಬ್ಬದ ಹಿಂದಿನ ದಿನ ಅದು ಊರ ಕೊನೆಯ ಒಂಟಿ ಮುದುಕಿಗೆ ಹೋಗುವುದು. ಧರ್ಮೋಪದೇಶ ಹೇಳಿಕೊಡಲು ಭಾನುವಾರ ನರಸೀಪುರದಿಂದ ಬರುತ್ತಿದ್ದ ಸಿಸ್ಟರ್ ಇನ್ನೊಂದು ಕೆಲಸ ಕಲಿಸಿದ್ದರು. ಜೇಡಿಮಣ್ಣನ್ನು ಬಳೆಯಂತೆ ಸುತ್ತಿ, ಅದರ ತುಂಬ ಜಾಲಿಮುಳ್ಳು ಚುಚ್ಚಿ ಯೇಸುಸ್ವಾಮಿಯ ಮುಳ್ಳಿನ ಕಿರೀಟ ಮಾಡಿಡುವುದು. ಒಂದು ಒಳ್ಳೆಯ ಕೆಲಸ ಮಾಡಿದರೆ ಒಂದು ಮುಳ್ಳು ಕೀಳಬಹುದು. ಹಬ್ಬದ ಹೊತ್ತಿಗೆ ಮುಳ್ಳೆಲ್ಲ ಹೋಗಿ ತೂತುಗಳಲ್ಲಿ ಹೂವಿಡಬೇಕು.

ರಾಯಪ್ಪನಿಗೆ ಮುಳ್ಳು ಕೀಳುವ ಆತುರ ಹೆಚ್ಚು. "ಅವ್ವ, ಮೊಕ ತೊಳ್ಕಂಡೆ, ಒಂದು ಕೀಳ್ಲಾ?" ಎನ್ನುವನು.

"ಅದು ಒಳ್ಳೆ ಕೆಲ್ಸ ಅಲ್ಲ ಕಣೋ, ನಿನ್ನ ಕೆಲ್ಸ," ಎಂದು ಸ್ಟೆಲ್ಲಾ ತಡೆಯುವಳು.

"ನೀನು ನಿನ್ನೆ ಕೋಳಿಗೆ ಕಾಳು ಹಾಕಿ ಕಿತ್ತೆ!"

"ಕೋಳಿಗೆ ಹಸಿವಾಗಿತ್ತು."

ಗರಿಗಳ ಭಾನುವಾರ ತೆಂಗಿನ ಗರಿಯಲ್ಲಿ ಶಿಲುಬೆ ಹೆಣೆದು ಬಾಗಿಲಿಗೆ ಸಿಕ್ಕಿಸುವರು. ಗುರುವಾರ ಸಂಜೆ ಸಹಾಯಮ್ಮ ಚೆಂಬಿನಲ್ಲಿ ಬೆಚ್ಚಗಿನ ನೀರು ತಂದು ಇಬ್ಬರ ಕಾಲನ್ನೂ ತೊಳೆದು ಸೆರಗಿನಲ್ಲಿ ಒರೆಸುವಳು. ಆಮೇಲೆ ಅವರು ಅವಳ ಕಾಲು ತೊಳೆಯುವರು. ಶುಭ ಶುಕ್ರವಾರ ಗುಡಿಯ ಗಂಟೆ ಹೊಡೆಯುವಂತಿಲ್ಲ. ಪಾಳ್ಯದ ಮಕ್ಕಳೆಲ್ಲ ಮರದ ಹಲಗೆ ಬಡಿಯುತ್ತ ಮನೆಮನೆಯ ಮುಂದೆ ಹೋಗಿ ಜನರನ್ನು ಯೇಸುವಿನ ಪಾಡು ನೆನೆಯುವ ಶಿಲುಬೆ ಹಾದಿಯ ಜಪಕ್ಕೆ ಕರೆಯುವರು. ಅಂದು ಊಟಕ್ಕೆ ಬರೀ ಗಂಜಿ. ಶನಿವಾರ ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಬೇಯಿಸಿ ಕೆಂಪಗೆ ಮಾಡುವರು. ಇದನ್ನೆಲ್ಲ ಮಾಡುವಾಗ ಸಹಾಯಮ್ಮನ ಕೈ ಮಕ್ಕಳ ಜೊತೆ ಇರುತ್ತಿತ್ತು, ಕಿವಿ ರಸ್ತೆಯ ಕಡೆಗೆ. ನಂಜನಗೂಡಿನ ಬಸ್ಸಿಗೆ ಬಂದು, ನರಸೀಪುರದಲ್ಲಿ ಇಳಿದು, ಮೂಗೂರಿನ ಬಸ್ಸು ಹತ್ತಿದ್ದರೆ ಇಷ್ಟು ಹೊತ್ತಿಗೆ ಬರಬೇಕಿತ್ತು ಎಂದುಕೊಳ್ಳುವಳು. ಬಸ್ಸು ನಿಲ್ಲದೆ ಹೋದಾಗ ಮತ್ತೆ ಕೆಲಸಕ್ಕೆ ತಿರುಗುವಳು.

ಪಾಸ್ಕ ಹಬ್ಬದ ಪೂಜೆ ಪಾಳ್ಯದಲ್ಲಿ ಬೆಳಗಿನ ಜಾವಕ್ಕೆ. ಪೂಜೆ ಮುಗಿದ ಮೇಲೆ ಜನ ಮೇಣದ ಬತ್ತಿ ಹೊತ್ತಿಸಿಕೊಂಡು ಸ್ಮಶಾನಕ್ಕೆ ಹೋಗುವರು. ತಮ್ಮ ತಮ್ಮವರ ಗೋರಿಯ ಮೇಲೆ ಹೂವಿಟ್ಟು, ಬತ್ತಿ ನಿಲ್ಲಿಸಿ, "ಯೇಸು ಎದ್ದಿದ್ದಾರೆ, ನೀವೂ ಏಳುತ್ತೀರಿ" ಎಂದು ಮಕ್ಕಳ ಬಾಯಲ್ಲಿ ಹೇಳಿಸುವರು. ಸಹಾಯಮ್ಮ ಅತ್ತೆಯ ಗೋರಿಗೂ ಮಾವನ ಗೋರಿಗೂ ಹಾಗೆ ಹೇಳಿಸುತ್ತಿದ್ದಳು. ಆಮೇಲೆ ಮೂರನೆಯ ಬತ್ತಿಯನ್ನು ಅಂಗೈಯಲ್ಲಿ ಮರೆಮಾಡಿಕೊಂಡು, ಮಕ್ಕಳನ್ನು ಕರೆದುಕೊಂಡು ತಂತಿಯ ಸಂದಿನಲ್ಲಿ ನುಸುಳಿ ಆಚೆ ಹೋಗುವಳು. ಅಲ್ಲಿ ಹುಲ್ಲು ಬೆಳೆದ ಒಂದು ಸಣ್ಣ ದಿಬ್ಬ. ಮೇಲೆ ಶಿಲುಬೆಯಿಲ್ಲ. ಅವಳು ಅವನನ್ನು ಮನಸ್ಸಿನಲ್ಲೇ ಬೆನ್ನಿ ಎಂದು ಕರೆಯುತ್ತಿದ್ದಳು. ಬಸುರಿಯಾಗಿದ್ದಾಗಲೇ ಬೆನೆದಿಕ್ತ ಎಂದು ಹೆಸರಿಡಬೇಕೆಂದುಕೊಂಡಿದ್ದಳು. ಜ್ಞಾನಸ್ನಾನವಿಲ್ಲದ ಕೂಸಿಗೆ ಹೆಸರಿಡುವುದು ಸರಿಯೋ ತಪ್ಪೋ ತಿಳಿಯದೆ, ಆ ಹೆಸರನ್ನು ಯಾರ ಮುಂದೆಯೂ ಆಡಿರಲಿಲ್ಲ. ಗಂಡನ ಮುಂದೆ ಕೂಸಿನ ಮಾತೇ ಇರಲಿಲ್ಲ. ಮಕ್ಕಳಿಗೆ ಅವನು 'ಅಣ್ಣ' ಅಷ್ಟೇ.

ಎರಡು ಸಾವಿರದ ಇಸವಿಯ ಪಾಸ್ಕದ ಬೆಳಗ್ಗೆ ಆ ದಿಬ್ಬದ ಮುಂದೆ ಕುಳಿತಿದ್ದಾಗ ಸ್ಟೆಲ್ಲಾ ಕೇಳಿದಳು:

"ಅವ್ವ, ಕಡೇ ದಿನ ಯೇಸುಸ್ವಾಮಿ ಬಂದಾಗ ಎಲ್ರೂ ಏಳ್ತಾರಲ್ಲ, ಬೇಲಿ ಆಚೆ ಇರೋರೂ ಏಳ್ತಾರಾ?"

"ಏಳ್ತಾರೆ ಕಂದ."

"ಹಂಗಂತ ಉಪದೇಶಿ ತಾತ ಹೇಳಿದ್ರಾ?"

ಸಹಾಯಮ್ಮ ಗಾಳಿಗೆ ಆರಿದ ಬತ್ತಿಯನ್ನು ಮತ್ತೆ ಹೊತ್ತಿಸಿದಳು. "ನಾ ಹೇಳ್ತಿದೀನಿ," ಎಂದಳು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಆ ಪ್ರಶ್ನೆಯೇ ಕುಟ್ಟುತ್ತಿತ್ತು. ಹೇಳುವುದಕ್ಕೆ ಹೇಳಿದ್ದಳು. ಯಾರಾದರೂ ಬಲ್ಲವರು ತನಗೂ ಒಂದು ಸಲ ಹಾಗೆ ಹೇಳಬಾರದೇ ಎಂದು ಅವಳ ಜೀವ ಬೇಡುತ್ತಿತ್ತು.

ಮಾರನೆಯ ವರ್ಷದ ತಪಸ್ಸುಕಾಲಕ್ಕೆ ಪಾಳ್ಯಕ್ಕೆ ಹೊಸ ಸ್ವಾಮಿಗಳು ಬರತೊಡಗಿದರು. ಹೆಸರು ಆರೋಗ್ಯಸ್ವಾಮಿ, ಇನ್ನೂ ಚಿಕ್ಕ ವಯಸ್ಸು, ಪ್ರತಿ ಭಾನುವಾರ ಬೈಕಿನಲ್ಲಿ ಬರುತ್ತಿದ್ದರು. ಒಂದು ಭಾನುವಾರ ಪೂಜೆಯ ಕೊನೆಯಲ್ಲಿ ಅವರು, ಸ್ಮಶಾನದ ಬೇಲಿಯನ್ನು ದನಗಳು ಮುರಿದಿವೆ, ಹಬ್ಬ ಕಳೆದ ಮೇಲೆ ಬೇಲಿಯ ಜಾಗಕ್ಕೆ ಕಲ್ಲುಗೋಡೆ ಕಟ್ಟಿಸೋಣ, ಊರವರು ಆಳುಗೆಲಸ ಕೊಡಿ ಎಂದರು. ಜನ ಒಪ್ಪಿ ತಲೆಯಾಡಿಸಿದರು. ಸಹಾಯಮ್ಮ ಬೇಲಿಯ ಕಡೆಗೆ ತಿರುಗಿ ನೋಡಿದಳು. ತಂತಿಯಾದರೆ ನುಸುಳಬಹುದು. ಗೋಡೆಯಲ್ಲಿ ಹೇಗೆ ನುಸುಳುವುದು?

ಎಲ್ಲರೂ ಹೋದ ಮೇಲೆ ಅವಳು ಗುಡಿಯ ಜಗುಲಿಯ ಹತ್ತಿರ ನಿಂತಳು.

"ಸ್ತೋತ್ರ ಸ್ವಾಮಿ. ಒಂದು ಮಾತಿತ್ತು."

"ಹೇಳಿ ಅಮ್ಮ."

ಅವಳು ಹೇಳಿದಳು. ಹತ್ತು ವರ್ಷ ಹೇಳದೆ ಉಳಿದಿದ್ದು, ಹೇಳತೊಡಗಿದಾಗ ಬಹಳ ಬೇಗ ಮುಗಿದುಹೋಯಿತು. ಆರೋಗ್ಯಸ್ವಾಮಿಗಳು ಬೈಕಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಜಗುಲಿಯ ಮೇಲೆ ಕುಳಿತರು.

"ಮಗು ಉಳಿದಿದ್ದರೆ ಜ್ಞಾನಸ್ನಾನ ಕೊಡಿಸುತ್ತಿದ್ದಿರಿ ಅಲ್ಲವೇ?"

"ಅಯ್ಯೋ, ಕೊಡಿಸ್ದೆ?"

"ಹಾಗಿದ್ದ ಮೇಲೆ ಅದಕ್ಕೂ ಪ್ರಾರ್ಥನೆ ಮಾಡಿ ಮಣ್ಣು ಮಾಡಬಹುದಿತ್ತು ಅಮ್ಮ. ಒಳಗೇ ಮಾಡಬಹುದಿತ್ತು. ಅಂಥ ಕೂಸುಗಳನ್ನು ದೇವರ ಕರುಣೆಗೆ ಒಪ್ಪಿಸಿ ಎಂದೇ ಧರ್ಮಸಭೆ ಹೇಳುವುದು."

"ಇದು ಈಗ ಬಂದಿರೋ ಮಾತಾ ಸ್ವಾಮಿ?"

"ಇಲ್ಲ. ಆಗಲೂ ಇತ್ತು. ಅದಕ್ಕಿಂತ ಎಷ್ಟೋ ಮೊದಲಿಂದ ಇತ್ತು. ಇಲ್ಲಿಯವರೆಗೆ ಯಾರೂ ಬಂದು ತಿಳಿಸಲಿಲ್ಲ."

ಸಹಾಯಮ್ಮ ಕಂಬಕ್ಕೆ ಆತುಕೊಂಡಳು. ಆ ಮಾತನ್ನು ಕೇಳಲು ಅವಳು ಎಷ್ಟು ಕಾದಿದ್ದಳೋ, ಕೇಳಿದಾಗ ಅಷ್ಟೇ ನೋವಾಯಿತು. ಒಂದು ಗೇಟು ತೆಗೆದಿದ್ದರೆ ಸಾಕಿತ್ತು. ಗಂಡ ಹತ್ತು ವರ್ಷ ಮನೆಯಲ್ಲಿರುತ್ತಿದ್ದ.

ದಿಬ್ಬವನ್ನು ಒಳಗೆ ತೆಗೆದುಕೊಂಡು ಗೋಡೆ ಕಟ್ಟಬಹುದೇ ಎಂದು ಕೇಳಿದಳು. "ನನ್ನದೇನೂ ಅಡ್ಡಿಯಿಲ್ಲ. ಆದರೆ ಬೇಲಿಯಾಚೆಯ ನೆಲ ಮಾದಪ್ಪನವರದಲ್ಲವೇ? ಅವರು ಒಪ್ಪಬೇಕು," ಎಂದರು ಸ್ವಾಮಿಗಳು. ಬೇರೆಯವರ ಹೊಲವನ್ನು ಕೇಳುವುದು ಹೆಂಗಸಿನ ಬಾಯಲ್ಲಿ ಆಗುವ ಮಾತಲ್ಲ ಎಂದು ಸಹಾಯಮ್ಮನಿಗೆ ಅನಿಸಿತು. ಅದನ್ನು ಕೇಳಬೇಕಾದವನು ನಂಜನಗೂಡಿನಲ್ಲಿದ್ದ.

ಪವಿತ್ರ ಗುರುವಾರ ಬೆಳಗ್ಗೆ ಅವಳು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ನಂಜನಗೂಡಿನಲ್ಲಿ ಶಂಭುಲಿಂಗಪ್ಪನವರೆಂಬ ಅಕ್ಕಿ ವ್ಯಾಪಾರಿಯ ಮಹಡಿ ಮನೆ ಏಳುತ್ತಿತ್ತು. ಚೌರಪ್ಪ ಅಲ್ಲಿ ಮೇಸ್ತ್ರಿ. ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದ. ಹೆಂಡತಿ ಮಕ್ಕಳನ್ನು ಕಂಡು ಗಾಬರಿಯಾಗಿ ಬೊಂಬಿನ ಸಾರುವೆಯಿಂದ ಇಳಿದು ಬಂದ.

"ಯಾಕಮ್ಮಿ? ಏನಾಯ್ತು? ಮಕ್ಳು ಚೆನ್ನಾಗವ್ರಲ್ಲ?"

"ಎಲ್ಲಾ ಚೆನ್ನಾಗೀವಿ. ಬನ್ನಿ ಒಳಿಕ್ಕೆ, ಮಾತಾಡಬೇಕು."

ಶೆಡ್ಡಿನಲ್ಲಿ ಸಿಮೆಂಟ್ ಚೀಲಗಳ ಮೇಲೆ ಕುಳಿತು ಅವಳು ಗೋಡೆಯ ಸುದ್ದಿ ಹೇಳಿದಳು. ಸ್ವಾಮಿಗಳು ಹೇಳಿದ್ದನ್ನೂ ಹೇಳಿದಳು. ಗಂಡನಿಗೆ ಸಮಾಧಾನವಾದೀತು ಎಂದುಕೊಂಡಿದ್ದಳು. ಚೌರಪ್ಪನ ಮುಖ ಕಪ್ಪಿಟ್ಟಿತು.

"ಆಗ್ಲೂ ಇತ್ತಂತಾ?"

"ಅಂಗಂದ್ರು."

"ಅಂಗಾದ್ರೆ ನನ್ ಮಗನ್ನ ಯಾಕೆ ಆಚ್ಗೆ ಆಕಿಸ್ದ್ರು? ನಾಯಿಮರಿ ಊಳ್ದಂಗೆ ಊಳ್ಬಂದ್ನಲ್ಲಾ ಅಮ್ಮಿ ನಾನು! ಒಂದ್ ಜಪ ಇಲ್ಲ, ಒಂದ್ ಬತ್ತಿ ಇಲ್ಲ. ಈಗ್ ಬಂದು ಆಗಬಹುದಿತ್ತು ಅಂದ್ರೆ ಆಯ್ತಾ? ಇಷ್ಟ್ ವರ್ಸ ಯಾರ್ ತಂದ್ಕೊಟ್ಟಾರು?"

ಕೂಸಿನ ವಿಷಯವಾಗಿ ಅವನು ಬಾಯಿ ಬಿಟ್ಟಿದ್ದು ಹತ್ತು ವರ್ಷದಲ್ಲಿ ಇದೇ ಮೊದಲು. ಅವನೂ ತನ್ನಷ್ಟೇ ಲೆಕ್ಕವಿಲ್ಲದಷ್ಟು ಸಲ ಆ ಗುಂಡಿಯ ಹತ್ತಿರ ಮನಸ್ಸಿನಲ್ಲೇ ಹೋಗಿ ಬಂದಿದ್ದಾನೆ ಎಂದು ಅವಳಿಗೆ ಆಗ ಗೊತ್ತಾಯಿತು. ಇಬ್ಬರೂ ಒಂದೇ ಜಾಗಕ್ಕೆ ಹೋಗುತ್ತಿದ್ದರೂ ಒಬ್ಬರಿಗೊಬ್ಬರು ಎದುರಾಗಿರಲಿಲ್ಲ.

ಮಕ್ಕಳು ಹೆದರಿ ಮೂಲೆಯಲ್ಲಿ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಸ್ಟೆಲ್ಲಾ ಹೊರಗೆ ಹೋಗಿ, ಗೋಡೆಗೆ ನೀರು ಹೊಡೆಯುವ ಡ್ರಮ್ಮಿನಿಂದ ಗಾರೆ ಹೊರುವ ಒಂದು ಬಾಂಡಲಿ ತುಂಬ ನೀರು ತಂದಳು. ರಾಯಪ್ಪ ಇನ್ನೊಂದು ಕಡೆ ಹಿಡಿದುಕೊಂಡಿದ್ದ. ಅರ್ಧ ನೀರು ಚೆಲ್ಲಿಹೋಗಿತ್ತು.

"ಅಪ್ಪ, ಕಾಲು ಕೊಡು," ಎಂದಳು ಸ್ಟೆಲ್ಲಾ.

"ಯಾಕವ್ವ?"

"ಇವತ್ತು ಗುರುವಾರ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ದಿನ. ಮನೇಲಿ ಅವ್ವ ನಮ್ದು ತೊಳೀತಾಳೆ, ನಾವು ಅವ್ವಂದು ತೊಳೀತೀವಿ. ನಿಂದು ಒಂದ್ಸಲಾನೂ ತೊಳ್ದೇ ಇಲ್ಲ."

ಚೌರಪ್ಪ ಬೇಡವೆಂದು ಕಾಲು ಹಿಂದಕ್ಕೆಳೆದುಕೊಂಡ. ರಾಯಪ್ಪ ಆಗಲೇ ಕೆಳಗೆ ಕುಳಿತು ಒಂದು ಪಾದವನ್ನು ಎರಡು ಕೈಯಲ್ಲೂ ಹಿಡಿದಿದ್ದ. ಸುಣ್ಣ ತಿಂದು ಬಿರಿದ ಹಿಮ್ಮಡಿ, ಬೆರಳ ಸಂದಿಯಲ್ಲಿ ಗಟ್ಟಿಯಾದ ಸಿಮೆಂಟು. ಮಕ್ಕಳು ನೀರು ಹುಯ್ದು ಉಜ್ಜಿದರು.

"ಇದು ಹೋಗದೇ ಇಲ್ಲ ಅಪ್ಪ," ಎಂದ ರಾಯಪ್ಪ. ಉಗುರಿನಿಂದ ಕೆರೆದು ನೋಡಿದ.

"ಅದು ಹೋಗಲ್ಲ ಮಗ. ಬುಡು."

"ನೋವಾಗ್ತದಾ?"

ಚೌರಪ್ಪ ಇಲ್ಲವೆಂದು ತಲೆಯಾಡಿಸಿದ. ಸ್ಟೆಲ್ಲಾ ಒರೆಸಲು ಬಟ್ಟೆ ಹುಡುಕಿದಳು. ಸಹಾಯಮ್ಮ ಮುಂದೆ ಬಂದು ಕುಳಿತು, ಗಂಡನ ಎರಡು ಪಾದಗಳನ್ನೂ ಮಡಿಲಿಗೆ ಎಳೆದುಕೊಂಡು ಸೆರಗಿನಲ್ಲಿ ಒರೆಸಿದಳು. ಒರೆಸುವುದು ಮುಗಿದರೂ ಕೈ ಬಿಡಲಿಲ್ಲ. ಅವನ ಕಣ್ಣಿನಿಂದ ನೀರು ಇಳಿದು ಗಡ್ಡಕ್ಕೆ ಸೇರುತ್ತಿತ್ತು. ಅವನು ಒರೆಸಿಕೊಳ್ಳಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ.

ಬಸ್ ಸ್ಟ್ಯಾಂಡಿಗೆ ಬಿಡಲು ಬಂದವನು ಮಕ್ಕಳಿಗೆ ಕಡಲೆಪುರಿ ಕೊಡಿಸಿದ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಗೋಡೆ ಗುರ್ತಿಗೆ ದಾರ ಎಲ್ಲಿಗೆ ಕಟ್ಟವ್ರೆ?" ಎಂದು ಕೇಳಿದ.

"ಇನ್ನೂ ಕಟ್ಟಿಲ್ಲ. ಬೇಲಿ ಇರೋ ತಾವೇ ಅಂತವ್ರೆ."

ಅವನು ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಪಾಳ್ಯದ ಮಕ್ಕಳು ಹಲಗೆ ಬಡಿಯುತ್ತ ಬೀದಿ ಸುತ್ತುತ್ತಿದ್ದಾಗ ಮೂಗೂರಿನ ಬಸ್ಸು ನಿಂತಿತು. ರಾಯಪ್ಪ ಹಲಗೆಯನ್ನು ಅಲ್ಲೇ ಬಿಸಾಕಿ ಓಡಿದ. ಚೌರಪ್ಪ ಹೆಗಲ ಮೇಲೆ ಗಾರೆ ಬಳಿಯುವ ಕರಣೆ, ತೂಕದ ಗುಂಡು, ದಾರ ಇದ್ದ ಗೋಣಿಚೀಲ ಹಾಕಿಕೊಂಡು ಇಳಿದ. ಮನೆಗೆ ಬಂದು, ಹಾಕಿದ ಗಂಜಿಯನ್ನು ಕುಡಿದ. ಶಿಲುಬೆ ಹಾದಿಗೆ ಹೋಗಲಿಲ್ಲ. ಹೆಂಡತಿ ಮಕ್ಕಳು ತಿರುಗಿ ಬರುವ ಹೊತ್ತಿಗೆ ಹಿತ್ತಲ ಬಾಗಿಲಿನಲ್ಲಿ ಕುಳಿತು ಸ್ಮಶಾನದ ದಿಕ್ಕಿಗೆ ನೋಡುತ್ತಿದ್ದ.

ಶನಿವಾರ ಎದ್ದವನೇ ಮಾದಪ್ಪನ ಊರಿಗೆ ನಡೆದ. ಸಹಾಯಮ್ಮನೂ ಹಿಂದೆ ಹೋದಳು. ಮಾದಪ್ಪ ಕೊಟ್ಟಿಗೆಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದ. ಅವನ ಹೆಂಡತಿ ಮಂಚಮ್ಮ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಚೌರಪ್ಪ ದಾರಿಯಲ್ಲೆಲ್ಲ ಜೋಡಿಸಿಕೊಂಡಿದ್ದ ಮಾತು ಅಲ್ಲಿ ಮುಟ್ಟುವಷ್ಟರಲ್ಲಿ ಕಲಸಿಹೋಗಿತ್ತು.

"ಮಾದಪ್ಪಣ್ಣ, ನಮ್ ಸ್ಮಶಾನಕ್ಕೆ ಗೋಡೆ ಬತ್ತದೆ. ನಿಮ್ ಹೊಲದ ಅಂಚಲ್ಲಿ... ಅಲ್ಲೊಂದು ದಿಬ್ಬ ಅದೆ. ನಿಮ್ಮನ್ ಕೇಳ್ದೆ ನಾನು ಹತ್ ವರ್ಸದಿಂದೆ..."

"ಕೂಸು ಮಲಗಿರೋ ತಾವಾ?" ಎಂದ ಮಾದಪ್ಪ.

ಚೌರಪ್ಪ ಬಾಯಿ ತೆರೆದುಕೊಂಡು ನಿಂತ.

"ಗೊತ್ತು ಕಣಪ್ಪ. ನೀನು ಗುಂಡಿ ತೋಡವಾಗ ನಾನು ಆ ಕಡೆ ಬದುವಲ್ಲೇ ಕುಂತಿದ್ದೆ. ಕರೀಬ್ಯಾಡ ಅನ್ನುಸ್ತು, ಸುಮ್ಕಾದೆ. ಮನೇಗ್ ಬಂದು ಇವಳ್ಗೆ ಯೋಳ್ದೆ. ಆ ತಾವ್ಕೆ ನೇಗ್ಲು ತಿರುಗುಸ್ಬ್ಯಾಡ ಅಂದ್ಲು. ಅವತ್ನಿಂದ ಒಂದ್ ದಪಾನೂ ಉತ್ತಿಲ್ಲ."

ಸಹಾಯಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಹತ್ತು ವರ್ಷ ಪ್ರತಿ ಪಾಸ್ಕಕ್ಕೂ ಆ ದಿಬ್ಬ ಇದ್ದ ಹಾಗೆಯೇ ಇರುವುದನ್ನು ಕಂಡು ದೇವರೇ ಕಾಯುತ್ತಿದ್ದಾನೆ ಎಂದುಕೊಂಡಿದ್ದಳು. ಮಂಚಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಅವಳ ಭುಜ ಹಿಡಿದಳು.

"ನಾನೂ ಒಂದು ಕಳ್ಕೊಂಡೋಳೇ ಕಣವ್ವ," ಎಂದಳು. "ಅಳಬ್ಯಾಡ."

"ನಿಮ್ ದಾರ ಎಲ್ಲಿಗ್ ಬೇಕೋ ಅಲ್ಲಿಗ್ ಎಳ್ಕೋ," ಎಂದ ಮಾದಪ್ಪ. "ಕೂಸಿಗ್ ಎಷ್ಟ್ ಜಾಗ ಬೇಕು? ಓಗು, ಅಬ್ಬ ಮಾಡು."

ಪಾಸ್ಕದ ಬೆಳಗಿನ ಜಾವ ಸಹಾಯಮ್ಮ ಮಕ್ಕಳನ್ನು ಎಬ್ಬಿಸಿದಳು. ಮಣ್ಣಿನ ಕಿರೀಟದಲ್ಲಿ ರಾಯಪ್ಪನ ಕಡೆ ಇನ್ನೂ ಕೆಲವು ಮುಳ್ಳು ಉಳಿದಿದ್ದವು. ಅವುಗಳ ನಡುವೆಯೇ ಸ್ಟೆಲ್ಲಾ ಕನಕಾಂಬರ ಸಿಕ್ಕಿಸಿದಳು. ಚೌರಪ್ಪ ತೊಳೆದ ಅಂಗಿ ಹಾಕಿಕೊಂಡು ಗುಡಿಯವರೆಗೂ ಜೊತೆಗೆ ಬಂದ. ಮಕ್ಕಳು ಅವನ ಕೈ ಹಿಡಿದು ಒಳಗೆ ಎಳೆದರು. "ನೀವು ಓಗ್ರಿ," ಎಂದು ಬಿಡಿಸಿಕೊಂಡು ಹುಣಸೆಮರದ ಕೆಳಗೆ ನಿಂತ. ಪೂಜೆಯುದ್ದಕ್ಕೂ ಸಹಾಯಮ್ಮ ಗಂಡಸರು ಕೂರುವ ಕಡೆಗೆ ಕಣ್ಣು ಹಾಯಿಸುತ್ತಲೇ ಇದ್ದಳು. ಕಡೆಯ ಚಾಪೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಅಲ್ಲೆಲೂಯ ಹಾಡಿ ಗಂಟೆ ಹೊಡೆದಾಗಲೂ ಅದು ಖಾಲಿಯೇ ಇತ್ತು.

ಪೂಜೆ ಮುಗಿದ ಮೇಲೆ ಸ್ವಾಮಿಗಳು ದೊಡ್ಡ ಪಾಸ್ಕ ಬತ್ತಿಯನ್ನು ಹಿಡಿದು ಸ್ಮಶಾನಕ್ಕೆ ಹೊರಟರು. ಮಾದಪ್ಪ ಒಪ್ಪಿದ್ದನ್ನು ಸಹಾಯಮ್ಮ ಪೂಜೆಗೆ ಮೊದಲೇ ಅವರಿಗೆ ತಿಳಿಸಿದ್ದಳು. ಗೋರಿಗಳನ್ನೆಲ್ಲ ಮಂತ್ರಿಸಿದ ಮೇಲೆ ನಿಲ್ಲಲಿಲ್ಲ, ನೇರವಾಗಿ ಬೇಲಿಯ ಹತ್ತಿರ ನಡೆದರು. ಜನ ಅರ್ಥವಾಗದೆ ಹಿಂದೆ ಬಂದರು. ಬೇಲಿಯಾಚೆ ಚೌರಪ್ಪ ನಿಂತಿದ್ದ. ಹೊರಗಿನಿಂದ ಸುತ್ತಿಕೊಂಡು ಬಂದಿದ್ದ. ಅವನು ಮುಳ್ಳುತಂತಿಯನ್ನು ಕೈಯಲ್ಲಿ ಎತ್ತಿ ಹಿಡಿದ. ಸ್ವಾಮಿಗಳು ಬಗ್ಗಿ ದಾಟಿದರು. ಸಹಾಯಮ್ಮ, ಮಕ್ಕಳು, ಊರವರು ಒಬ್ಬೊಬ್ಬರಾಗಿ ದಾಟಿದರು.

ಎಲ್ಲರ ಹಿಂದೆ ಉಪದೇಶಿ ಇನ್ನಾಸಪ್ಪ ಉಳಿದಿದ್ದ. ಈಗ ಅವನಿಗೆ ಕಣ್ಣು ಮಂಜು, ಕೋಲಿಲ್ಲದೆ ನಡೆಯಲಾಗದು. ತಂತಿಯ ಈಚೆ ನಿಂತು, "ಚೌರ, ನಂಗೆ ಅಂಗೇ ಯೋಳ್ಕೊಟ್ಟಿದ್ರು ಕಣಪ್ಪ. ನಾನು ಅಂಗೇ ಯೋಳ್ದೆ," ಎಂದ.

ಚೌರಪ್ಪ ತಂತಿಯನ್ನು ಇನ್ನೂ ಮೇಲಕ್ಕೆ ಎತ್ತಿದ. ಮುಳ್ಳು ಅಂಗೈಗೆ ಚುಚ್ಚಿ ರಕ್ತ ಬಂದರೂ ಬಿಡಲಿಲ್ಲ. ಇನ್ನೊಂದು ಕೈಯನ್ನು ಮುದುಕನ ತಲೆಗೆ ತಂತಿ ತಗುಲದ ಹಾಗೆ ಅಡ್ಡ ಹಿಡಿದ. ಇನ್ನಾಸಪ್ಪ ಬಗ್ಗಿ ಮೆಲ್ಲನೆ ದಾಟಿದ.

ದಿಬ್ಬದ ಮುಂದೆ ಸ್ವಾಮಿಗಳು ಪುಸ್ತಕ ತೆರೆದರು. "ಮಗುವಿನ ಹೆಸರು?" ಎಂದು ಕೇಳಿದರು.

ಸಹಾಯಮ್ಮ ಬಾಯಿ ತೆರೆಯುವ ಮೊದಲೇ ಚೌರಪ್ಪ ಹೇಳಿದ: "ಚಿನ್ನಪ್ಪ, ಸ್ವಾಮಿ. ನಮ್ಮಪ್ಪನ ಹೆಸ್ರು. ಮಣ್ಣು ಮುಚ್ಚವಾಗ ನಾನೇ ಇಟ್ಟೆ."

ಅವನ ದನಿ ಒಡೆದಿತ್ತು. ಸಹಾಯಮ್ಮ ತನ್ನ ನಾಲಗೆಯ ತುದಿಗೆ ಬಂದಿದ್ದನ್ನು ನುಂಗಿಕೊಂಡಳು. ಸ್ವಾಮಿಗಳು ಚಿನ್ನಪ್ಪನನ್ನು ದೇವರ ಕೈಗೆ ಒಪ್ಪಿಸಿ ನೀರು ಚಿಮುಕಿಸಿದರು. ರಾಯಪ್ಪ ಎಲ್ಲರಿಗಿಂತ ಗಟ್ಟಿಯಾಗಿ, "ಚಿನ್ನಪ್ಪಣ್ಣ, ಯೇಸು ಎದ್ದಿದ್ದಾರೆ, ನೀನೂ ಏಳ್ತೀಯ," ಎಂದು ಕೂಗಿದ. ಮೇಣದ ಬತ್ತಿಗಳು ದಿಬ್ಬದ ಸುತ್ತ ತುಂಬಿಹೋದವು. ಮಾದಪ್ಪನ ಹೊಲದ ಮೇಲೆ ಬೆಳಕು ಹರಿಯುತ್ತಿತ್ತು.

ಹಬ್ಬ ಕಳೆದು ಎರಡು ವಾರಕ್ಕೆ ಗೋಡೆಯ ಕೆಲಸ ಶುರುವಾಯಿತು. ಮೇಸ್ತ್ರಿ ಚೌರಪ್ಪನೇ. ಶಂಭುಲಿಂಗಪ್ಪನವರ ಹತ್ತಿರ ರಜೆ ಹೇಳಿ ಬಂದಿದ್ದ. ಗೋಡೆ ಮೂರು ಕಡೆ ನೆಟ್ಟಗೆ ಎದ್ದು, ಮಾದಪ್ಪನ ಹೊಲದ ಕಡೆ ಮಾತ್ರ ಒಂದು ಮೂಲೆಯಲ್ಲಿ ಹೊರಕ್ಕೆ ಬಾಗಿ, ದಿಬ್ಬವನ್ನು ಬಳಸಿಕೊಂಡು ಮತ್ತೆ ಸಾಲಿಗೆ ಸೇರಿತು. ಊರವರು ಸರದಿಯಂತೆ ಕಲ್ಲು ಹೊತ್ತರು. ಆ ಬಾಗಿದ ಮೂಲೆಯ ಕೆಲಸಕ್ಕೆ ಚೌರಪ್ಪ ಯಾರನ್ನೂ ಕರೆಯಲಿಲ್ಲ. ಸಹಾಯಮ್ಮ ತಾನೇ ಹೋಗಿ ಗಾರೆ ಕಲಸಿ, ಬಾಂಡಲಿಯಲ್ಲಿ ತುಂಬಿ ಕೊಡತೊಡಗಿದಳು.

ಬಿಸಿಲು ಏರಿತ್ತು. ಮಕ್ಕಳು ಸ್ಕೂಲಿಗೆ ರಜವಾದ್ದರಿಂದ ಹುಣಸೆಮರದ ಹತ್ತಿರ ಆಡುತ್ತಿದ್ದರು.

"ಭಾನುವಾರ ಪೂಜೆಗೆ ಬತ್ತೀರಾ?" ಎಂದು ಕೇಳಿದಳು.

"ನೋಡಾನ," ಎಂದ. ಅವನ 'ನೋಡಾನ' ಎಂದರೆ ಇಲ್ಲವೆಂದೇ ಅವಳಿಗೆ ಗೊತ್ತಿತ್ತು. ಮುಂದೆಯೂ ಅವನು ವರ್ಷಕ್ಕೊಮ್ಮೆ ಪಾಸ್ಕದ ದಿನ ಬಾಗಿಲವರೆಗೆ ಬಂದು ನಿಲ್ಲುವವನಾದನೇ ಹೊರತು ಒಳಗೆ ಬಂದು ಕೂರುವವನಾಗಲಿಲ್ಲ. ಆದರೆ ಪಾಸ್ಕದ ವಾರ ನಂಜನಗೂಡಿನಲ್ಲಿ ಉಳಿಯುವುದನ್ನು ಬಿಟ್ಟುಬಿಟ್ಟ.

ಅಳತೆಗೆ ಒಡೆದ ಒಂದು ಸೈಜುಗಲ್ಲನ್ನು ಹೊರಳಿಸಿ ಅದರ ಮುಖ ನೋಡುತ್ತ ಅವನು ತನ್ನಷ್ಟಕ್ಕೆ ಎಂಬಂತೆ ಹೇಳಿದ: "ಇದ್ದಿದ್ರೆ ಈಗ ದಾರ ಹಿಡ್ಕಳೋನು. ಆ ಕಡೆ ತುದೀಲಿ ನಿಂತ್ಕಂಡು."

"ಬಿಸಿಲು ಅಂತ ಅಳೋನು," ಎಂದಳು ಸಹಾಯಮ್ಮ.

"ಅಳ್ತಿರ್ಲಿಲ್ಲ ಅಮ್ಮಿ. ನನ್ನಂಗೆ ಇರೋನು. ಕೈ ಅಗಲ ಇತ್ತು ಅವಂದು."

ಅವಳು ಬಾಂಡಲಿಯನ್ನು ಕೆಳಗಿಟ್ಟಳು. ಕೂಸಿನ ಕೈ ಅಗಲವಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಮೊಕ ಹೆಂಗಿತ್ತು?" ಎಂದು ಕೇಳಿದಳು. ಅವನು ಕಲ್ಲನ್ನು ಬಿಟ್ಟು ಅವಳ ಪಕ್ಕದಲ್ಲಿ ಕುಳಿತು ಹೇಳಿದ: ಮೂಗು ಅವಳದು, ಕೂದಲು ತುಂಬ ಇತ್ತು, ಕಣ್ಣು ಮುಚ್ಚಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಅವಳು ಇನ್ನೂ ಕೇಳಿದಳು, ಅವನು ನೆನಪಿದ್ದಷ್ಟನ್ನೂ ಹೇಳಿದ.

"ನಾನು ಅವನ್ನ ಬೆನ್ನಿ ಅಂತ ಕರೀತಿದ್ದೆ," ಎಂದಳು ಕೊನೆಗೆ. "ಬಸುರೀಲಿದ್ದಾಗ್ಲಿಂದ."

ಚೌರಪ್ಪ ಅವಳ ಕಡೆ ತಿರುಗಿ ನೋಡಿದ.

"ಬೆನ್ನಿ," ಎಂದ, ಬಾಯಿಗೆ ಹೊಸದಾದ ಹೆಸರನ್ನು ಕಲಿಯುವವನಂತೆ. ಇನ್ನೊಂದು ಸಲ ಅಂದ. ಆಮೇಲೆ ಎದ್ದು ಕರಣೆ ತೆಗೆದುಕೊಂಡ. "ಗಾರೆ ಕೊಡು ಅಮ್ಮಿ, ಒಣಗೋಯ್ತದೆ," ಎಂದ. ಅವಳು ಎತ್ತಿಕೊಟ್ಟಳು.